ಹೊಸಬರಿಗೆ ಮಾರ್ಗದರ್ಶಿ: ಜಪಾನಿ ಮಾತಿನ ಮರ್ಯಾದೆ

ನೀನು, ನೀವು ಬಲ್ಲ ನಮಗೆ ಮರ್ಯಾದೆಯ ಮಾತನ್ನು ಯಾರು ಕಲಿಸಬೇಕು ಎಂದುಕೊಂಡೇ ಎಲ್ಲರೂ ಟೋಕಿಯೋದಲ್ಲಿ ಇಳಿಯುತ್ತೇವೆ. ಎಡವುವುದೂ ಅಲ್ಲಿಯೇ. ನಿಘಂಟಿನಲ್ಲಿ 'ನೀವು' ಎಂಬುದಕ್ಕೆ 'ಅನಾತಾ' ಎಂದಿದೆ. ಹಿರಿಯರ ಮುಂದೆ ಅದು ಬೇಡ. ಹೆಸರಿಗೆ 'ಸಾನ್' ಸೇರಿಸಿ ಕರೆಯಿರಿ. ಶಿಕ್ಷಕರು, ವೈದ್ಯರು 'ಸೆನ್ಸೇ'. ನಿಮ್ಮ ಹೆಸರಿಗೆ ನೀವೇ 'ಸಾನ್' ಹಚ್ಚಿಕೊಳ್ಳಬಾರದು.

ಮೊದಲ ವರ್ಷ ಮಾತಿನ ಕೊನೆಗೆ ಸೇರುವ ಮರ್ಯಾದೆಯ 'ದೆಸು', 'ಮಾಸು' ಸಾಕು. ತಿನ್ನುವುದು ಮನೆಯೊಳಗೆ 'ತಬೆರು', ಹೊರಗೆ 'ತಬೆಮಾಸು'. ಹಿರಿಯರು ತಿನ್ನುವುದಕ್ಕೆ ಗೌರವದ 'ಮೆಶಿಅಗಾರು', ನಾವು ತಿನ್ನುವುದಕ್ಕೆ ವಿನಯದ 'ಇತಾದಾಕು' ಕಿವಿಗೆ ಬಿದ್ದಾಗ ತಿಳಿದರಾಯಿತು.

ಒಂದನ್ನು ಮಾತ್ರ ಮೊದಲ ವಾರವೇ ಕಲಿಯಿರಿ. ಕನ್ನಡದಲ್ಲಿ ಹಿರಿಯರು ಯಾರ ಮುಂದೆಯೂ ಹಿರಿಯರೇ. 'ಅಪ್ಪ ಬಂದಿದ್ದಾರೆ' ಎಂದೇ ಹೇಳುತ್ತೇವೆ. ಇಲ್ಲಿ ಕೇಳುವವರನ್ನು ನೋಡಿ ಮರ್ಯಾದೆ ಬದಲಾಗುತ್ತದೆ. ನಮ್ಮವರು 'ಉಚಿ', ಹೊರಗಿನವರು 'ಸೊತೊ'. ಹೊರಗಿನವರೆದುರು ನಮ್ಮವರನ್ನು ಏರಿಸಬಾರದು. ಅವರ ತಂದೆ 'ಒತೋಸಾನ್', ನಮ್ಮ ತಂದೆ ಬರೀ 'ಚಿಚಿ'.

ನಾನು ಸೇರಿದ ಹೊಸತರಲ್ಲಿ ಗ್ರಾಹಕರ ಫೋನ್ ಬಂತು. ಮುಖ್ಯಸ್ಥರ ಹೆಸರಿಗೆ 'ಸಾನ್' ಸೇರಿಸಿ, ಗೌರವದ ಕ್ರಿಯಾಪದವನ್ನೇ ಹಾಕಿ, ಅವರು ಇಲ್ಲ ಎಂದೆ. ಅಕ್ಕಪಕ್ಕದ ಮೇಜಿನವರು ತಲೆಯೆತ್ತಿದರು. ಆಮೇಲೆ ಸಹೋದ್ಯೋಗಿಯೊಬ್ಬರು ಹಳದಿ ಚೀಟಿಯಲ್ಲಿ ಸರಿಯಾದ ಮಾತನ್ನು ಬರೆದು ನನ್ನ ಫೋನಿಗೆ ಅಂಟಿಸಿದರು. ಮುಖ್ಯಸ್ಥರು ತನಾಕಾ ಎಂದಿಟ್ಟುಕೊಳ್ಳಿ: 'ತನಾಕಾ ವಾ ಗಾಯ್ಶುತ್ಸು ಶಿತೆ ಓರಿಮಾಸು'. ತನಾಕಾ ಹೊರಗೆ ಹೋಗಿದ್ದಾರೆ ಎಂದರ್ಥ. ಹೆಸರು ಬೋಳು, ಕ್ರಿಯಾಪದ ತಗ್ಗಿದ್ದು. ಹಿರಿಯರ ಹೆಸರನ್ನು ಹಾಗೆ ಉಚ್ಚರಿಸಲು ವಾರಗಟ್ಟಲೆ ನಾಲಿಗೆ ಏಳಲಿಲ್ಲ. ನಿಮಗೂ ಏಳುವುದಿಲ್ಲ, ಆದರೂ ಹೇಳಿ.

ಇನ್ನೊಂದು, ನಮ್ಮ ಒಳ್ಳೆಯತನವೇ ತೋಡುವ ಗುಂಡಿ. 'ಮಾಡಿಕೊಡುತ್ತೇನೆ' ಎಂಬುದನ್ನು ಪದಕ್ಕೆ ಪದ ಇಟ್ಟು 'ಶಿತೆ ಅಗೆಮಾಸು' ಎಂದರೆ ಹಿರಿಯರಿಗೆ ಉಪಕಾರ ಹೊರಿಸಿದಂತೆ ಕೇಳುತ್ತದೆ. ಪಕ್ಕದ ಮನೆಯ ಅಜ್ಜಿಯ ಚೀಲ ಹೊರುವಾಗ 'ಒಮೊಚಿ ಶಿಮಾಸು' ಎನ್ನಿ. 'ನಾನು ಹೊರುತ್ತೇನೆ' ಎಂಬುದರ ವಿನಯದ ರೂಪ ಅದು.

ಮಕ್ಕಳು ಶಿಶುವಿಹಾರದಿಂದ ಸಲಿಗೆಯ ಮಾತನ್ನು ಬೇಗ ತರುತ್ತಾರೆ. ಅದನ್ನೇ ಕಲಿತು ಅವರ ಶಿಕ್ಷಕರೊಡನೆ ಆಡಬೇಡಿ. ಇಂಗ್ಲಿಷಿನಲ್ಲೇ ನಡೆಯುತ್ತದೆ ಎಂದು ವರ್ಷಗಟ್ಟಲೆ ಕೂರುವುದನ್ನು ನಮ್ಮ ಕನ್ನಡಿಗರ ಸಂಘ ಒಪ್ಪುವುದಿಲ್ಲ. ಕ್ರಿಯಾಪದ ಕೊನೆಗೆ ಬರುವ ಭಾಷೆ ನಮ್ಮದೂ ಹೌದು. 'ಬಾ' ಎನ್ನುವುದನ್ನು 'ಬನ್ನಿ' ಮಾಡಬಲ್ಲ ಕನ್ನಡಿಗರಿಗೆ ಇದು ಒಲಿಯುತ್ತದೆ.

ಇವು ಬಾಯಿಪಾಠವಾಗಲಿ:
ಕಚೇರಿಯಿಂದ ಮೊದಲು ಹೊರಡುವಾಗ: ಒಸಾಕಿ ನಿ ಶಿತ್ಸುರೇ ಶಿಮಾಸು.
ಹೊರಡುವವರಿಗೆ: ಒತ್ಸುಕಾರೆಸಾಮಾ ದೆಶಿತಾ. (ಮೇಲಿನವರಿಗೆ 'ಗೊಕುರೋಸಾಮಾ' ಬೇಡ.)
ಒಪ್ಪಿಕೊಳ್ಳುವಾಗ: ಶೋಚಿ ಶಿಮಾಶಿತಾ.
ಅಂಗಡಿಯಲ್ಲಿ ಚೀಲ ಬೇಡವಾದರೆ: ದಾಯ್ಜೋಬು ದೆಸು.