ಒಣ ಬತ್ತಿ ಗಿಡ ಉಳಿಸುವುದಿಲ್ಲ

ಬೇಸಿಗೆ ರಜೆಯಲ್ಲಿ ನಾಲ್ಕು ದಿನ ಮನೆಗೆ ಬೀಗ ಹಾಕಿದರೆ ತಾರಸಿಯ ಮಲ್ಲಿಗೆ ಚಟ್ಟಿಗಳ ಕಥೆ ಮುಗಿಯಿತು. ಬದಿಯಡ್ಕ ಕಡೆಯ ನಮ್ಮ ನೆಂಟರ ಮನೆಯಲ್ಲಿ ಬಕೆಟ್ ತುಂಬ ನೀರಿತ್ತು, ಅದರಿಂದ ಚಟ್ಟಿಗೆ ನೀರು ಎಳೆಯುವ ಬಟ್ಟೆಯ ಬತ್ತಿಯೂ ಇತ್ತು, ಗಿಡ ಮಾತ್ರ ಒಣಗಿತ್ತು. ಬತ್ತಿಯನ್ನು ಒಣಗಿದ್ದ ಹಾಗೇ ಇಳಿಬಿಟ್ಟು ಹೋಗಿದ್ದರು!

ಮೊದಲು ಬಟ್ಟೆ. ಹಳೇ ಹತ್ತಿ ಬೈರಾಸು ಹರಿದು ಹೆಬ್ಬೆರಳು ದಪ್ಪ ಹುರಿ ಮಾಡಿ, ಜಾಸ್ತಿ ಬಿಗಿ ಬೇಡ. ಪ್ಲಾಸ್ಟಿಕ್ ಹಗ್ಗ ಮುಟ್ಟಲೇಬೇಡಿ. ಆನ್‌ಲೈನಿನಲ್ಲಿ ಸಿಗುವ ನೀರುಣಿಸುವ ಕಡ್ಡಿಗಳಿಗೂ ಸುಮ್ನೆ ದುಡ್ಡು ಹಾಕಬೇಡಿ.

ಚಟ್ಟಿಯ ಮಣ್ಣಿಗೆ ತಳದಿಂದ ಸೋರುವಷ್ಟು ನೀರು ಹಾಕಿ. ತೆಂಗಿನ ನಾರಿನ ಹುಡಿ ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಬೇಗ ಒಳಗೆ ಬಿಡುವುದಿಲ್ಲ, ಎರಡು ಮೂರು ಸಲ ಹಾಕಬೇಕು.

ಇನ್ನು ಎಲ್ಲರೂ ಎಡವುವ ಕೆಲಸ. ಬತ್ತಿಯನ್ನು ನೀರಿನಲ್ಲಿ ಮುಳುಗಿಸಿ, ಗುಳ್ಳೆ ಬರುವುದು ನಿಲ್ಲುವ ತನಕ ಹಿಸುಕಿ. ಯಾಕೆ ಅಂದರೆ, ನೀರಿನ ಅಣುವಿನಲ್ಲಿ ಆಮ್ಲಜನಕದ ಕಡೆ ತುಸು ಋಣ ವಿದ್ಯುದಂಶ, ಎರಡು ಜಲಜನಕಗಳ ಕಡೆ ತುಸು ಧನ ವಿದ್ಯುದಂಶ. ಹಾಗಾಗಿ ಒಂದು ಅಣುವಿನ ಜಲಜನಕ ಇನ್ನೊಂದು ಅಣುವಿನ ಆಮ್ಲಜನಕಕ್ಕೆ ಅಂಟಿಕೊಳ್ಳುತ್ತದೆ. ಹತ್ತಿಯ ನಾರಿನಲ್ಲೂ ನೀರಿಗೆ ಇಂಥದೇ ಹಿಡಿ ಸಿಗುತ್ತದೆ. ನಾರಿಗೆ ಅಂಟುತ್ತ ನೀರು ಮೇಲೇರುತ್ತದೆ, ಹಿಂದಿನದನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಮುರಕಲ್ಲಿನ ಗೋಡೆಯ ಬುಡದಿಂದ ತೇವ ಹತ್ತುತ್ತದಲ್ಲ, ಅದೂ ಹೀಗೇ. ಕೆಸುವಿನೆಲೆಯ ಮೇಲೆ ಮೇಣವಿದೆ, ಹಿಡಿ ಸಿಗದ ನೀರು ತನ್ನನ್ನೇ ಹಿಡಿದುಕೊಂಡು ಉಂಡೆಯಾಗಿ ಉರುಳುತ್ತದೆ. ಹೊಸ ಹತ್ತಿ ಹಗ್ಗದಲ್ಲೂ ಮೇಣದ ಅಂಶ ಉಳಿದಿರುತ್ತದೆ. ನಾನು ಹಳೇ ಬೈರಾಸು ಅಂದದ್ದು ಇದಕ್ಕೇ. ಬತ್ತಿಯ ನಡುವೆ ಒಂದು ಕಡೆ ಒಣಗಿದರೂ ನೀರಿನ ಸರಪಳಿ ತುಂಡಾಗುತ್ತದೆ.

ಒಂದು ತುದಿ ಬಕೆಟಿನ ತಳ ಮುಟ್ಟಲಿ. ಇನ್ನೊಂದನ್ನು ಮಣ್ಣಿನಲ್ಲಿ ನಾಲ್ಕು ಬೆರಳು ಆಳಕ್ಕೆ ಹೂತು ಗಟ್ಟಿಯಾಗಿ ಒತ್ತಿ.

ಎತ್ತರದ ಲೆಕ್ಕವೂ ಇದೆ. 1 ಮಿಲಿಮೀಟರ್ ರಂಧ್ರದ ಗಾಜಿನ ಕೊಳವೆಯಲ್ಲಿ ನೀರು ತಾನಾಗಿ ಸುಮಾರು 3 ಸೆಂಟಿಮೀಟರ್ ಏರುತ್ತದೆ, ರಂಧ್ರ ಅದರ ಹತ್ತನೇ ಒಂದು ಪಾಲಾದರೆ 30. ಬಟ್ಟೆಯ ಸಂದುಗಳು ಸಣ್ಣವೇ, ಆದರೂ ಎತ್ತರ ಹೆಚ್ಚಿದಷ್ಟು ನೀರು ನಿಧಾನ. ಮಣ್ಣಿನಿಂದ ನೀರಿನ ಮಟ್ಟ ಒಂದು ಗೇಣಿಗಿಂತ ಕೆಳಗೆ ಬೇಡ. ಹಾಗಂತ ಬಕೆಟನ್ನು ಸ್ಟೂಲಿನ ಮೇಲೆ ಏರಿಸಿದಿರೋ, ಬತ್ತಿಯೇ ಪೈಪಿನ ಹಾಗೆ ಕೆಲಸ ಮಾಡಿ ನೀರೆಲ್ಲ ಬೇಗನೆ ಚಟ್ಟಿಗೆ ಇಳಿದು ತಾರಸಿ ತುಂಬ ಹರಿದಿರುತ್ತದೆ.

ಬಕೆಟಿಗೆ ಮುಚ್ಚಳ ಹಾಕಿ, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗೆ. ಹೊರಡುವ ಎರಡು ದಿನ ಮೊದಲೇ ಇಟ್ಟು, ನೀರಿನ ಮಟ್ಟಕ್ಕೆ ಗೀಟು ಎಳೆದು ನೋಡಿ. ಮರುದಿನವೂ ನೀರು ಗೀಟಿನಲ್ಲೇ ನಿಂತಿದ್ದರೆ ಬತ್ತಿ ತೆಗೆದು ಮತ್ತೆ ಹಿಸುಕಿ.