ಕೆಲಸ ಹೋದರೆ ಮೊದಲು ದಿನ ಎಣಿಸಿ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮೋಲ್ಡಿಂಗ್ ಕೆಲಸ ನನ್ನದು. ನವೆಂಬರ್‌ನಲ್ಲಿ ನಮ್ಮನ್ನು ಬಿಡಿಸಿದರು. ಸಂಬಳದಿಂದ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಟ್ ಆಗ್ತಿತ್ತು ಅಲ್ವಾ? ಹಾಗಿದ್ದವರಿಗೆ ಕೆಲಸ ಹೋದಾಗ ಹಣ ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಇದೆ. ಸರಾಸರಿ ದಿನಗೂಲಿಯ ಅರ್ಧದಷ್ಟು, 90 ದಿನದವರೆಗೆ, ಜೀವನದಲ್ಲಿ ಒಂದೇ ಸಲ.

ಕೆಲಸ ಯಾವಾಗ ಹೋಯಿತು ಅನ್ನೋದರ ಮೇಲೆ ತುಂಬಾ ನಿಂತಿದೆ. ಇಎಸ್‌ಐ ವಂತಿಗೆಯ ಅವಧಿ ಎರಡು: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಕೆಲಸ ಹೋಗುವ ಮುಂಚಿನ ಅವಧಿಯಲ್ಲಿ 78 ದಿನದ ವಂತಿಗೆ ಬೇಕು. ನವೆಂಬರ್‌ನಲ್ಲಿ ಹೋದ ನನಗೆ ಏಪ್ರಿಲ್–ಸೆಪ್ಟೆಂಬರ್ ಲೆಕ್ಕ. ಅಪ್ಪನ ಆರೈಕೆಗೆ ಮೂರು ತಿಂಗಳು ಸಂಬಳವಿಲ್ಲದ ರಜೆ ಹಾಕಿದ್ದೆ. ಸಂಬಳದ ಚೀಟಿಗಳನ್ನು ನೆಲದ ಮೇಲೆ ಹರವಿ, ಪೆನ್ಸಿಲ್ ಹಿಡಿದು ಕೂಡಿಸಿದೆ. 81 ಬಂತು. ಮೂರೇ ದಿನ ಜಾಸ್ತಿ! ಹಿಂದಿನ ಎರಡು ವರ್ಷದ ಚೀಟಿಗಳನ್ನೂ ಇಟ್ಟುಕೊಳ್ಳಿ, ಅವೂ ಬೇಕಾಗುತ್ತವೆ.

ಸೂಪರ್‌ವೈಸರ್ "ಸುಮ್ನೆ ರಾಜೀನಾಮೆ ಬರೆದುಕೊಡು" ಅಂದರೆ ದಯವಿಟ್ಟು ಬರೆಯಬೇಡಿ. ತಾವಾಗಿ ಬಿಟ್ಟವರಿಗೆ, ದುರ್ನಡತೆಗೆ ವಜಾ ಆದವರಿಗೆ ಈ ಹಣ ಇಲ್ಲ. ಬಿಡಿಸಿದ ದಿನಾಂಕವಿರುವ ಪತ್ರ ಕೇಳಿ ಪಡೆಯಿರಿ. ಆ ದಿನದಿಂದ 30 ದಿನ ಕಳೆದ ಮೇಲೆ ಇಎಸ್‌ಐ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಅರ್ಜಿ ಹಾಕುವಾಗ ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ.