ಟ್ರೇಲರ್ ಹುಕ್ಕಿನ ಮೇಲೆ ಎಷ್ಟು ಭಾರ ಬೀಳಬೇಕು: ನನ್ನ ಅನುಭವ

ಟ್ರ್ಯಾಕ್ಟರ್ ಹಿಂದಿನ ಎರಡು ಗಾಲಿ ಟ್ರೇಲರ್‌ಗೆ ಮೆಕ್ಕೆಜೋಳ ತುಂಬಿಕೊಂಡು ದಾವಣಗೆರೆ ಎಪಿಎಂಸಿಗೆ ಹೊರಟರೆ, ಎಲ್ಲರೂ ಕೇಳೋದು ಒಂದೇ ಮಾತು, 'ಎಷ್ಟು ಚೀಲ ಹಾಕಿದ್ದೀಯ?' ನನಗೆ ಅದಕ್ಕಿಂತ ಮುಖ್ಯ ಅನಿಸೋದು, ಆ ಭಾರದಲ್ಲಿ ಎಷ್ಟು ಪಾಲು ಹುಕ್ಕಿನ ಮೇಲೆ, ಅಂದರೆ ಟ್ರ್ಯಾಕ್ಟರ್‌ಗೆ ಟ್ರೇಲರ್ ಸಿಕ್ಕಿಸುವ ಜಾಗದ ಮೇಲೆ, ಕೂತಿದೆ ಅನ್ನೋದು. ಅಲ್ಲಿ ಜಾಸ್ತಿ ಆದರೆ ಟ್ರ್ಯಾಕ್ಟರ್‌ನ ಮುಂದಿನ ಗಾಲಿ ಹಗುರ ಆಗುತ್ತದೆ. ಸ್ಟೇರಿಂಗ್ ತಿರುಗಿಸಿದರೂ ಗಾಡಿ ತನ್ನ ಪಾಡಿಗೆ ನೆಟ್ಟಗೆ ಹೋಗುತ್ತದೆ. ತೀರಾ ಕಡಿಮೆ ಆದರೆ ಟ್ರೇಲರ್‌ನ ಹಿಂಭಾಗ ಆ ಕಡೆ ಈ ಕಡೆ ಎಳೆದಾಡುತ್ತದೆ, ಟ್ರ್ಯಾಕ್ಟರ್‌ನ ಹಿಂದಿನ ದೊಡ್ಡ ಗಾಲಿಗೂ ಹಿಡಿತ ಸಿಗಲ್ಲ. ನಾಲ್ಕು ಗಾಲಿ ಟ್ರೇಲರ್ ಇದ್ದವರಿಗೆ ಈ ತಲೆನೋವಿಲ್ಲ. ಅದರ ಭಾರ ಅದೇ ಹೊರುತ್ತದೆ.

ಅಮೆರಿಕದಲ್ಲಿ ಕಾರು, ಪಿಕಪ್ ಹಿಂದೆ ದೊಡ್ಡ ಟ್ರೇಲರ್ ಎಳೆಯುವವರು ಇದಕ್ಕೇ ಅಂತ ಒಂದು ಹಿಚ್ (ಜೋಡಿಸುವ ಕೊಂಡಿ) ಹಾಕುತ್ತಾರೆ. ಅದರಲ್ಲಿ ಎರಡು ಸ್ಪ್ರಿಂಗ್ ಬಾರ್ ಇರುತ್ತವೆ. ಅವನ್ನು ಬಿಗಿ ಮಾಡಿದರೆ ಹುಕ್ಕಿನ ಭಾರದ ಒಂದು ಪಾಲು ಗಾಡಿಯ ಮುಂದಿನ ಆಕ್ಸಲ್‌ಗೆ, ಇನ್ನೊಂದು ಪಾಲು ಟ್ರೇಲರ್ ಆಕ್ಸಲ್‌ಗೆ ಹೋಗುತ್ತದೆ. ನಮ್ಮ ಟ್ರ್ಯಾಕ್ಟರ್‌ನಲ್ಲಿ ಒಂದು ರಿಂಗು, ಒಂದು ಪಿನ್ನು, ಅಷ್ಟೇ. ಹಾಗಾಗಿ ಆ ಕೆಲಸವನ್ನು ಚೀಲ ಇಡುವ ಜಾಗ, ಪಿನ್ನಿನ ಎತ್ತರ, ಮುಂದಿನ ಕಬ್ಬಿಣದ ವೇಟು ಇವುಗಳಿಂದಲೇ ಮಾಡಿಸಬೇಕು.

ನಮ್ಮ ಹೊಲ ಭರಮಸಾಗರದ ಈಚೆ. ಹೈವೇ ಸೇರುವ ಮೊದಲು ಕೆರೆ ಏರಿ ಹತ್ತಬೇಕು. ಅಲ್ಲಿ ಟ್ರ್ಯಾಕ್ಟರ್ ಮೂತಿ ಮೇಲೆ ಬರುವುದನ್ನು ನೋಡಿದವರಿಗೆಲ್ಲ ಒಂದೊಂದು ಅಂದಾಜು ಇರುತ್ತದೆ. ನನಗೆ ಅಂದಾಜು ಸಾಕಾಗಲಿಲ್ಲ, ವೇಬ್ರಿಡ್ಜ್ (ಕಾಟಾ) ಮೇಲೆ ಹತ್ತಿಸಿ ತೂಗಿದೆ. ವಿಧಾನ ಸುಲಭ. ಮೊದಲು ಟ್ರೇಲರ್ ಬಿಚ್ಚಿ ಟ್ರ್ಯಾಕ್ಟರ್ ಒಂದನ್ನೇ ತೂಗಬೇಕು. ಆಮೇಲೆ ಅದರ ಮುಂದಿನ ಗಾಲಿ ಎರಡನ್ನು ಮಾತ್ರ ಕಾಟಾ ಮೇಲೆ ನಿಲ್ಲಿಸಿ ಇನ್ನೊಂದು ತೂಕ. ನಂತರ ಲೋಡಾದ ಟ್ರೇಲರ್ ಹಾಕಿಕೊಂಡು ಬಂದು, ಟ್ರೇಲರ್ ಗಾಲಿ ಕಾಟಾದಿಂದ ಹೊರಗೆ ಉಳಿಯುವಂತೆ ಟ್ರ್ಯಾಕ್ಟರ್ ನಿಲ್ಲಿಸಬೇಕು. ಈಗ ಟ್ರ್ಯಾಕ್ಟರ್ ಎಷ್ಟು ಹೆಚ್ಚು ತೂಗುತ್ತದೋ ಅದೇ ಹುಕ್ಕಿನ ಭಾರ. ಕಾಟಾ ಮತ್ತು ಅದರ ಮುಂದಿನ ನೆಲ ಒಂದೇ ಮಟ್ಟದಲ್ಲಿ ಇರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಕಾಟಾ ಹುಡುಗ 'ಇದೇನಣ್ಣ, ಅರ್ಧ ಗಾಡಿ ತೂಗ್ತೀರಾ?' ಅಂತ ನಕ್ಕ. ನಗಲಿ ಬಿಡಿ.

ನನ್ನದು 45 ಎಚ್‌ಪಿ ಗಾಡಿ, ತೂಕ ಸುಮಾರು 2 ಟನ್. ಟ್ರೇಲರ್ ಇಲ್ಲದಾಗ ಮುಂದಿನ ಗಾಲಿಗಳ ಮೇಲೆ 780 ಕೆಜಿ ಆಸುಪಾಸು. ಇದು ಏತದ ಹಾಗೆ ಕೆಲಸ ಮಾಡುತ್ತದೆ. ಹಿಂದಿನ ಆಕ್ಸಲ್ ನಡುಗಂಬ, ಪಿನ್ನು ಅದರಿಂದ ಎರಡು ಅಡಿ ಹಿಂದೆ, ಮುಂದಿನ ಆಕ್ಸಲ್ ಆರೂವರೆ ಅಡಿ ಮುಂದೆ. ಅಂದರೆ ಹುಕ್ಕಿನ ಮೇಲೆ 100 ಕೆಜಿ ಕೂತರೆ ಹಿಂದಿನ ಗಾಲಿಗೆ 130 ಕೆಜಿ ಬೀಳುತ್ತದೆ, ಮುಂದಿನಿಂದ 30 ಕೆಜಿ ಎದ್ದು ಹೋಗುತ್ತದೆ. ಟನ್ ಭಾರ ಕೂತರೆ ಮುಂದೆ 300 ಕೆಜಿ ಹೋಯಿತು. ಏರಿನಲ್ಲಿ ಎಳೆಯುವಾಗ ಇನ್ನಷ್ಟು ಹೋಗುತ್ತದೆ. ಟ್ರ್ಯಾಕ್ಟರಿನ ಸ್ವಂತ ತೂಕ, ಹುಕ್ಕಿನ ಭಾರ ಎರಡೂ ಸೇರಿದ ಒಟ್ಟಿನಲ್ಲಿ ಐದರಲ್ಲಿ ಒಂದು ಪಾಲಾದರೂ ಮುಂದಿನ ಗಾಲಿ ಮೇಲೆ ಇರಬೇಕು, ಅದಕ್ಕಿಂತ ಇಳಿದರೆ ಸ್ಟೇರಿಂಗ್ ನಂಬೋ ಹಾಗಿಲ್ಲ.

ಟ್ರೇಲರ್ ಮತ್ತು ಕಾಳು ಸೇರಿ 4.8 ಟನ್ ಆದಾಗ ನಾನು ಹುಕ್ಕಿನ ಮೇಲೆ 550 ಕೆಜಿ ಸುತ್ತಮುತ್ತ ಇಟ್ಟುಕೊಳ್ಳುತ್ತೇನೆ. ಆಗ ಮುಂದೆ 600ಕ್ಕಿಂತ ಸ್ವಲ್ಪ ಜಾಸ್ತಿ ಉಳಿಯುತ್ತದೆ. ಇದನ್ನು ಸರಿಮಾಡೋದು ಚೀಲದಿಂದ. ನನ್ನ ಟ್ರೇಲರ್‌ನಲ್ಲಿ ಪಿನ್ನಿನಿಂದ ಆಕ್ಸಲ್‌ಗೆ ಒಂಬತ್ತು ಅಡಿ. 60 ಕೆಜಿ ಚೀಲ ಒಂದನ್ನು ಮೂರು ಅಡಿ ಮುಂದಕ್ಕೆ ಇಟ್ಟರೆ ಹುಕ್ಕಿಗೆ 20 ಕೆಜಿ ಸೇರುತ್ತದೆ. ಹತ್ತು ಚೀಲ ಸರಿಸಿದರೆ 200 ಕೆಜಿ! ಆದರೆ ಹಮಾಲರಿಗೆ ಹಿಂದಿನ ಡೋರಿನ ಹತ್ತಿರ ಪೇರಿಸೋದು ಸುಲಭ. 'ಎಲ್ಲಿ ಹಾಕಿದ್ರೂ ತೂಕ ಅಷ್ಟೇ ಅಲ್ವಾ ಅಣ್ಣಾ?' ಅನ್ನುತ್ತಾರೆ. ವಾದ ಮಾಡಲ್ಲ ನಾನು. ಟ್ರೇಲರ್ ಪಕ್ಕಕ್ಕೆ ಆಕ್ಸಲ್ ನೇರಕ್ಕೆ ಸುಣ್ಣದ ಗೆರೆ ಎಳೆದಿದ್ದೇನೆ. 'ಗೆರೆ ಮೇಲೆ ಎತ್ತರ, ಗೆರೆ ಮುಂದೆ ಒಂದು ಸಾಲು ಜಾಸ್ತಿ, ಡೋರಿನ ಕಡೆ ಇಳಿಜಾರು' ಅಂತ ಹೇಳಿದರೆ ಮುಗಿಯಿತು.

ಪಿನ್ನಿನ ಎತ್ತರಕ್ಕೆ ಹಿಂದಿನ ಬ್ರಾಕೆಟ್‌ನಲ್ಲಿ ತೂತುಗಳಿವೆ. ಲೋಡ್ ಆದ ಮೇಲೆ ಟ್ರೇಲರ್ ತಳ ನೆಲಕ್ಕೆ ಸಮ ಇರುವ ತೂತು ನನಗೆ ಬೇಕು. ಟ್ರೇಲರ್ ಮೂತಿ ಮೇಲಾದರೆ ಭಾರ ಹಿಂದಕ್ಕೆ ವಾಲುತ್ತದೆ. ಪಿನ್ನು ಎತ್ತರ ಇದ್ದಷ್ಟೂ ಎಳೆತ ಮುಂದಿನ ಗಾಲಿಯನ್ನು ಜಾಸ್ತಿ ಎತ್ತುತ್ತದೆ. ಟಾಪ್ ಲಿಂಕ್ (ನೇಗಿಲು ಸಿಕ್ಕಿಸುವ ಮೇಲಿನ ಕೊಂಡಿ) ಕೂರುವ ಜಾಗಕ್ಕೆ ಚೈನು ಹಾಕಿ ಎಳೆಯೋರನ್ನು ಕಂಡರೆ ಮೈ ಉರಿಯುತ್ತದೆ. ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಡ್ರೈವರ್ ಮೇಲೇ ಬೀಳೋದು ಹಾಗೇನೆ.

ರಿಂಗನ್ನೂ ನೋಡಬೇಕು. ಪಿನ್ನು ತೆಗೆದು ರಿಂಗಿನ ಒಳಗೆ ಹೆಬ್ಬೆರಳು ಆಡಿಸಿದರೆ ಒಂದು ಕಡೆ ನುಣ್ಣಗೆ ಸವೆದು ಗುಳಿ ಬಿದ್ದಿರೋದು ಗೊತ್ತಾಗುತ್ತದೆ. ಆ ಸಂದು ದೊಡ್ಡದಾದರೆ ಬ್ರೇಕ್ ಒತ್ತಿದಾಗಲೆಲ್ಲ ಧಡ್ ಅಂತ ಟ್ರೇಲರ್ ಗುದ್ದುತ್ತದೆ, ಗಾಡಿ ಅಲ್ಲಾಡೋದು ಅಲ್ಲಿಂದಲೇ ಶುರು. ನಾನು ದಾವಣಗೆರೆಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಒಳಗೆ ಬುಷ್ (ಲೋಹದ ಬಳೆ) ಕೂರಿಸಿ, ಅದಕ್ಕೆ ಸರಿಯಾಗಿ ಪಿನ್ನು ಹೊಸದು ಮಾಡಿಸಿದೆ. ಪಿನ್ನಿಗೆ ಲಾಕ್ ಕ್ಲಿಪ್ಪು, ಜೊತೆಗೆ ಸೇಫ್ಟಿ ಚೈನು. ಈ ಎರಡಿಲ್ಲದೆ ರಸ್ತೆಗೆ ಇಳಿಸಲ್ಲ.

ಇಷ್ಟಾದ ಮೇಲೂ ಮುಂದೆ ಹಗುರ ಅನಿಸಿದರೆ ಮುಂದಿನ ಬಂಪರ್‌ಗೆ ವೇಟು. ಅದು ಮುಂದಿನ ಆಕ್ಸಲ್‌ಗಿಂತ ಮುಂದೆ ನೇತಾಡೋದರಿಂದ ತನ್ನ ತೂಕಕ್ಕಿಂತ ಜಾಸ್ತಿಯೇ ಒತ್ತುತ್ತದೆ. ಕೆಲವರು ಹಿಂದಿನ ಟ್ಯೂಬಿಗೆ ನೀರು ತುಂಬಿಸಿ 'ಗಾಡಿ ಭಾರ ಆಯ್ತು' ಅನ್ನುತ್ತಾರೆ. ಆ ಭಾರ ಹಿಂದಿನ ಗಾಲಿ ಮೇಲೇ ಉಳಿಯುತ್ತದೆ, ಮುಂದಕ್ಕೆ ಒಂದು ಕೆಜಿಯೂ ಬರಲ್ಲ. ಹೊಲದಲ್ಲಿ ಹಿಡಿತಕ್ಕೆ ಸರಿ, ಏರಿ ಹತ್ತೋಕೆ ಸುಮ್ನೆ.

ನನ್ನ ಟ್ರೇಲರ್‌ಗೆ ಬ್ರೇಕ್ ಇಲ್ಲ. ಹಾಗಾಗಿ ಹೈವೇ ಸೇರುವ ಮೊದಲು ಟ್ರ್ಯಾಕ್ಟರ್‌ನ ಎಡ ಗಾಲಿಗೊಂದು, ಬಲ ಗಾಲಿಗೊಂದು ಇರುವ ಬ್ರೇಕ್ ಪೆಡಲ್ ಎರಡನ್ನೂ ಕೂಡಿಸಿ ಲಾಕ್ ಮಾಡುತ್ತೇನೆ. ಸೇತುವೆ ಇಳಿಯುವಾಗ ಹತ್ತಿದ ಗೇರೇ ಇರುತ್ತದೆ, ಕ್ಲಚ್ ಮುಟ್ಟಲ್ಲ. ಹಿಂದಿನಿಂದ ಐದು ಟನ್ ತಳ್ಳುವಾಗ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಟ್ರೇಲರ್ ಪಕ್ಕಕ್ಕೆ ಬಂದು ಟ್ರ್ಯಾಕ್ಟರನ್ನೇ ಮಡಚಿಬಿಡುತ್ತದೆ.

ಎಪಿಎಂಸಿಯಲ್ಲಿ ಇಳಿಸುವಾಗಲೂ ಕ್ರಮ ಇದೆ. ಡೋರಿನ ಕಡೆಯಿಂದಲೇ ಇಳಿಸುತ್ತಾ ಬರಬೇಕು. ಮುಂದಿನ ಸಾಲು ಮೊದಲು ಖಾಲಿ ಮಾಡಿದರೆ ಟ್ರೇಲರ್ ಹಿಂದಕ್ಕೆ ವಾಲಿ ಹುಕ್ಕನ್ನು ಮೇಲಕ್ಕೆ ಎತ್ತುತ್ತದೆ. ಆಗ ಯಾರಾದರೂ ಪಿನ್ನು ಕಿತ್ತರೆ ಮುಂದಿನ ಕಂಬ ಎದ್ದು ಮುಖಕ್ಕೇ ಬರುತ್ತದೆ. ಅದಕ್ಕೇ ಚೀಲ ಪೂರ್ತಿ ಇಳಿಯೋವರೆಗೂ ಪಿನ್ನಿನ ಹತ್ತಿರ ಯಾರನ್ನೂ ಬಿಡಲ್ಲ.